ಕೊಡೆಯಕ್ಕನ ಮೂರು ಗುರುತು

ಬಸ್ ನಿಲ್ದಾಣದ ಹಿಂಬದಿಯಲ್ಲಿ, ಹಳೇ ಟೈರು ಪೇರಿಸಿಟ್ಟ ಗೋಡೆಗೆ ಅಂಟಿಕೊಂಡಂತೆ ಒಂದು ಕೋಣೆಯಿತ್ತು. ಪ್ರಯಾಣಿಕರು ಬಸ್ಸಿನಲ್ಲಿ ಮರೆತದ್ದೆಲ್ಲ ಅಲ್ಲಿಗೆ ಬರುತ್ತಿತ್ತು: ಕೊಡೆ, ಊಟದ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಹಲ್ಲಿನ ಸೆಟ್ಟು. ಹದಿನೆಂಟು ವರ್ಷದಿಂದ ಅದರ ಕಿಟಕಿಯ ಹಿಂದೆ ಕೂತವಳನ್ನು ಡ್ರೈವರು ಕಂಡಕ್ಟರುಗಳೆಲ್ಲ ಕೊಡೆಯಕ್ಕ ಎಂದೇ ಕರೆಯುತ್ತಿದ್ದರು. ಸಿಕ್ಕ ವಸ್ತುವಿಗೆ ಚೀಟಿ ಕಟ್ಟುವಾಗ, ಕಳೆದುಕೊಂಡವರ ಮನಸ್ಸು ತಣ್ಣಗಿರಲಿ ದೇವರೇ ಎಂದು ಅವಳು ಒಳಗೊಳಗೇ ಅಂದುಕೊಳ್ಳುವಳು. ಅಲ್ಲಿನ ನಿಯಮ ಒಂದೇ. ಕೇಳಿಕೊಂಡು ಬಂದವರು ಹೊರಗೆ ಕಾಣದ ಮೂರು ಗುರುತು ಹೇಳಬೇಕು. ಸರಿಯಾಗಿ ಹೇಳಿದರೆ ರುಜು ಹಾಕಿ ಒಯ್ಯಬಹುದು.

ಬಾಣಂತನ, ಮನೆ, ಕೆಲಸ ಎಂದು ಮೂರು ಸಲ ಕೈತಪ್ಪಿದ್ದ ಓದಿನ ಆಸೆ ನಲವತ್ತೈದರಲ್ಲಿ ಮತ್ತೆ ಚಿಗುರಿತು. ಸಂಜೆ ಕಾಲೇಜಿನಲ್ಲಿ ಇತಿಹಾಸ ಮೂರನೇ ಮಹಡಿಯಲ್ಲಿತ್ತು, ತತ್ತ್ವಶಾಸ್ತ್ರ ನೆಲಮಹಡಿಯಲ್ಲಿ. ಮಂಡಿನೋವಿನ ಕೊಡೆಯಕ್ಕ ತತ್ತ್ವಶಾಸ್ತ್ರಕ್ಕೆ ಸೇರಿದಳು.

"ಅದನ್ನ ಓದಿದ್ರೆ ಏನ್ ಬರುತ್ತೆ?" ಅತ್ತೆ ಕೇಳಿದರು.

"ಇನ್ನೂ ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲ ಅನ್ನೋಕೆ ಕಾಲೇಜು ಬೇಕಾ? ಮನೇಲೇ ಕೂತು ಅನ್ನಬಹುದಿತ್ತು."

ಮೇಷ್ಟ್ರು ಕಾಗದದ ಕಟ್ಟೊಂದನ್ನು ಮೇಜಿನ ಮೇಲಿಟ್ಟು ತಲೆಯೆತ್ತದೆ ಓದುತ್ತಿದ್ದರು. ಗಂಟೆ ಹೊಡೆದರೆ ಅರ್ಧ ಪದಕ್ಕೇ ನಿಲ್ಲಿಸಿ, ಮರುದಿನ ಉಳಿದರ್ಧದಿಂದ ಶುರುಮಾಡುವರು. ಗೊತ್ತಿದೆ ಅನ್ನುವುದು ನಮಗೆ ಹೇಗೆ ಗೊತ್ತು? ಇದು ಮೊದಲ ಪಾಠ. ಕೊಡೆಯಕ್ಕನಿಗೆ ಮೈ ಜುಮ್ಮೆಂದಿತು. ಇದನ್ನೇ ತಾನು ಇಷ್ಟು ವರ್ಷ ಕಿಟಕಿಯಲ್ಲಿ ಕೂತು ಕೇಳುತ್ತ ಬಂದಿರುವುದು, ಅದೂ ಅರ್ಧಂಬರ್ಧ.

ಅಂದಿನಿಂದ ಅವಳು ಪೂರ್ತಿ ಕೇಳತೊಡಗಿದಳು.

"ಈ ಕೊಡೆ ಕಳಕೊಂಡೋರು ನೀವೇನಾ?"

"ಹೌದಕ್ಕ, ನಾನೇ."

"ಅವತ್ತಿನೋರು ಮರೆತೋರು, ಇವತ್ತಿನೋರು ನೆನಪಿರೋರು. ಇಬ್ಬರೂ ಒಬ್ಬರೇ ಹೇಗಾಗ್ತೀರಿ?"

"ಅಕ್ಕ, ನನ್ನ ಬಸ್ಸು ಹೊರಡ್ತಾ ಇದೆ."

ಬಸ್ಸು ಹೊರಟೇಹೋಯಿತು. ಕಿಟಕಿಯ ಸಾಲು ಟೈರಿನ ರಾಶಿ ದಾಟಿತು. ದೂರುಗಳ ಕಂತೆ ಹಿಡಿದು ನಿಲ್ದಾಣದ ಸಾಹೇಬರು ಬಂದರು.

"ನೋಡಮ್ಮ, ಮೂರು ಗುರುತು ಕೇಳು. ನಾಲ್ಕನೇದು ಕೇಳಬೇಡ, ಎರಡಕ್ಕೆ ಬಿಡಬೇಡ. ತಪ್ಪಿದ್ರೆ ಸಂಜೆ ಬೇಗ ಹೋಗೋ ಅನುಮತಿ ರದ್ದು."

ಅನುಮತಿ ಹೋದರೆ ತರಗತಿ ಹೋಯಿತು, ತರಗತಿ ಹೋದರೆ ಪರೀಕ್ಷೆಯೂ ಹೋಯಿತು. ಕೊಡೆಯಕ್ಕ ಬಾಯಿಗೆ ಬೀಗ ಹಾಕಿಕೊಂಡಳು.

ಪರೀಕ್ಷೆಗೆ ಇನ್ನು ಎರಡೇ ವಾರ ಎನ್ನುವಾಗ ಕಂಡಕ್ಟರೊಬ್ಬ ನೀಲಿ ಚೀಲವೊಂದನ್ನು ತಂದುಕೊಟ್ಟ. ಒಳಗೆ ಕಾಗದದ ಕಟ್ಟು, ಹೆಸರಿಲ್ಲ. ಆ ಸಂಜೆ ತರಗತಿಯ ಬಾಗಿಲಿಗೆ ಚೀಟಿ ಅಂಟಿಸಿತ್ತು: "ಟಿಪ್ಪಣಿ ಕಳೆದಿರುವುದರಿಂದ ತತ್ತ್ವಶಾಸ್ತ್ರ ಇರುವುದಿಲ್ಲ." ಪಾಠ ಮುಗಿಯದೆ ಮೇಷ್ಟ್ರು ಯಾರ ಪರೀಕ್ಷೆಯ ಪ್ರವೇಶಪತ್ರಕ್ಕೂ ರುಜು ಹಾಕುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಮೇಷ್ಟ್ರು ಕಿಟಕಿಯ ಮುಂದೆ ನಿಂತಿದ್ದರು. "ನೀಲಿ ಚೀಲ. ನನ್ನದು."

"ನೀಲಿ ಹೊರಗೆ ಕಾಣುತ್ತೆ ಸಾರ್, ಲೆಕ್ಕಕ್ಕಿಲ್ಲ. ಒಳಗಿನ ಮೂರು ಗುರುತು ಹೇಳಿ."

ಮೇಷ್ಟ್ರು ಕಣ್ಣು ಮುಚ್ಚಿದರು, ತೆರೆದರು. "ಇಪ್ಪತ್ತೆರಡು ವರ್ಷದಿಂದ ಓದ್ತಾ ಇದ್ದೀನಿ. ನೆನಪಿಟ್ಟುಕೊಳ್ಳೋ ಪ್ರಮೇಯ ಬಂದಿಲ್ಲಮ್ಮ. ಇದು ನಂದು ಅಂತ ನಿಮಗೆ ಅನ್ನಿಸ್ತಿಲ್ವಾ?"

"ಅನ್ನಿಸ್ತಿದೆ ಸಾರ್. ಅನ್ನಿಸಿದ್ರೆ ಸಾಲದು ಅಂತ ನೀವೇ ಪಾಠ ಮಾಡಿದ್ದೀರಿ."

"ನಾನಾ? ನಿಮಗೆ? ಯಾವಾಗ?"

"ದಿನಾ ಸಂಜೆ ಸಾರ್. ಮೊದಲ ಬೆಂಚು."

ಮೇಷ್ಟ್ರು ಅವಳನ್ನು ಮೊದಲ ಸಲ ನೋಡಿದರು. ಅಷ್ಟರಲ್ಲಿ ಸಾಲು ಕಂಡು ಸಾಹೇಬರೂ ಬಂದರು. ವಿಷಯ ಕೇಳಿ, "ಪಾಠ ಕೇಳಿದೋಳು ನೀನು. ನಿಂಗೇನಾದ್ರೂ ಗೊತ್ತೇನಮ್ಮ?" ಎಂದರು.

ಕೊಡೆಯಕ್ಕನಿಗೆ ಒಂದಕ್ಷರವೂ ಮರೆತಿರಲಿಲ್ಲ. "ಅರವತ್ತನೇ ಪುಟ ಆದ್ಮೇಲೆ ಅರವತ್ತೆರಡು, ಸಾರ್ ನಂಬರನ್ನೂ ಓದ್ತಾರೆ. ನಡುವಿಂದು ಇಲ್ಲ. ಇನ್ನೊಂದು ಕಡೆ 'ಇಲ್ಲಿ ನಗಬೇಕು' ಅಂತಿದೆ, ಸಾರ್ ಅದನ್ನೂ ಓದ್ತಾರೆ. ಆತ್ಮದ ಪಾಠದ ಕೊನೇಲಿ 'ಇದು ನನಗೇ ಅರ್ಥವಾಗಿಲ್ಲ' ಅಂತಿದೆ. ನಾವೆಲ್ಲ ಬರಕೊಂಡಿದ್ದೀವಿ."

ಸಾಹೇಬರು ಕಟ್ಟು ಬಿಚ್ಚಿ ನೋಡಿದರು. ಮೂರೂ ಇದ್ದವು.

"ಹಾಗಾದ್ರೆ ಇದು ನಿಂದು," ಅಂದರು.

"ನಂದಲ್ಲ ಸಾಹೇಬ್ರೆ, ಇವರದು."

"ಗುರುತು ಹೇಳಿದೋರೇ ವಾರಸುದಾರರು. ಇವರು ಈಗ ಹೇಳಿದ್ರೆ ಅದು ನಕಲು. ಹೊರಗೆ ಹೋಗು, ಸಾಲಲ್ಲಿ ನಿಂತ್ಕೊ. ಒಳಗೇ ನಿಂತು ತಗೊಳ್ಳೋ ಹಾಗಿಲ್ಲ."

ಕೊಡೆಯಕ್ಕ ಸುತ್ತಿ ಬಂದು ಸಾಲಿನ ಕೊನೆಯಲ್ಲಿ ನಿಂತಳು. ಪರರ ಸೊತ್ತಿಗೆ ರುಜು ಹಾಕಲು ಮನಸ್ಸೊಪ್ಪದೆ ಮೇಷ್ಟ್ರ ಕಡೆ ತಿರುಗಿದಳು. "ಸಾರ್, ನೀವು ಒಪ್ಪಿದ್ರೆ ಮಾತ್ರ," ಎಂದಳು.

ಮೇಷ್ಟ್ರು ತಲೆಯಾಡಿಸಿದರು. "ಬರೆದೋನು ನಾನೇ. ಆದ್ರೆ ಇವತ್ತೇ ಮೊದಲ ಸಲ ಕೇಳಿದ ಹಾಗಾಯ್ತು. ತಗೊಳ್ಳಿ."

ಸರದಿ ಬಂತು. ಸಾಹೇಬರು ಗಂಭೀರವಾಗಿ ಮೂರು ಗುರುತು ಕೇಳಿದರು, ಅವಳು ಹೇಳಿದಳು, ರುಜು ಹಾಕಿದಳು. ಅವಳ ಹಿಂದೆ ಬಂದು ನಿಂತಿದ್ದವನು, "ನೋಡಿ ಕಲಿ, ಎಷ್ಟು ಬೇಗ ಆಯ್ತು," ಎಂದು ತನ್ನ ಹೆಂಡತಿಗೆ ಹೇಳಿದ.

ಸಂಜೆ ತರಗತಿ ನಡೆಯಿತು. ಕೊಡೆಯಕ್ಕ ಕಟ್ಟನ್ನು ತಂದು ಮೇಜಿನ ಮೇಲಿಟ್ಟಳು. ಮೇಷ್ಟ್ರು ಅಂದಿನ ಮೊದಲ ಪುಟ ಮುಗಿಸಿ ತಲೆಯೆತ್ತಿದರು.

"ತಿರುಗಿಸಲಾ ಅಮ್ಮ?"

"ತಿರುಗಿಸಿ ಸಾರ್."

ಪುಟಕ್ಕೊಂದು ಸಲ ಹೀಗೆ ಕೇಳಿ ಕೇಳಿ, ಹದಿಮೂರನೇ ದಿನ ಪಾಠ ಮುಗಿಯಿತು. ಮೇಷ್ಟ್ರು ಪ್ರವೇಶಪತ್ರ ಕೈಗೆತ್ತಿಕೊಂಡು, ಅದರ ಮೇಲಿನ ಫೋಟೋವನ್ನೂ ಅವಳ ಮುಖವನ್ನೂ ಎರಡೆರಡು ಸಲ ನೋಡಿದರು. ಫೋಟೋ ಹತ್ತು ವರ್ಷ ಹಳೆಯದು.

"ಇದು ನೀವೇನಾ?"

ಕೊಡೆಯಕ್ಕನೂ ಬಗ್ಗಿ ನೋಡಿದಳು. "ಪರೀಕ್ಷೆ ಮುಗಿಯೋ ತನಕ ನಾನೇ ಅಂತ ಇಟ್ಕೊಳ್ಳೋಣ ಸಾರ್."

ಮೇಷ್ಟ್ರು ರುಜು ಹಾಕಿದರು.