ಸಪ್ಪಳವಿಲ್ಲದೆ ಇಳಿದ ಗಾಡಿ

ಸವದತ್ತಿಯಲ್ಲಿ ನಮಗೆ ಮನೆ ಸಿಕ್ಕಿದ್ದು ಹನ್ನೆರಡನೆಯ ಬಾಗಿಲಲ್ಲಿ. ಮೊದಲಿನ ಹನ್ನೊಂದರಲ್ಲೂ ಮಾತು ಚೆನ್ನಾಗಿಯೇ ಶುರುವಾಗುತ್ತಿತ್ತು. ನಾನು ಕನ್ನಡ ಸಾಲೆಯಲ್ಲಿ ಕಲಿಸುವ ಅಕ್ಕೋರು, ಕಟಕೋಳದಿಂದ ವರ್ಗವಾಗಿ ಬಂದವಳು, ಗಂಡ ಬಾಡಿಗೆ ಕಾರು ಓಡಿಸುತ್ತಾರೆ, ಮಕ್ಕಳಿನ್ನೂ ಇಲ್ಲ. ಇಷ್ಟಕ್ಕೆಲ್ಲ ತಲೆಯಾಡಿಸಿದವರು ಕೊನೆಗೆ ಮೆಲ್ಲಗೆ "ನಿಮ್ಮ ಪೈಕಿ ಮಂದಿ ಇಲ್ಲೆ ಯಾರದಾರ್ರಿ?" ಎಂದು ಕೇಳುತ್ತಿದ್ದರು. ನಾವು ಬೌದ್ಧರು ಎಂದರೆ ಮುಗಿಯಿತು, ಕೇರಿಯಿಂದ ಬಂದವರೆಂದು ಅವರಿಗೆ ತಿಳಿಯುತ್ತಿತ್ತು. ಅದೇ ವಾರ ಅವರ ತಮ್ಮ ಆ ಮನೆಗೆ ಬರುವವನಿರುತ್ತಿದ್ದ, ಇಲ್ಲವೆ ಮಾಳಿಗೆ ಸೋರುತ್ತಿತ್ತು. ಸವದತ್ತಿಯಲ್ಲಿ ಎಷ್ಟು ಮಾಳಿಗೆಗಳು ಸೋರುತ್ತವೆ ಎಂದು ಆಗ ಯಾರಾದರೂ ಕೇಳಿದ್ದರೆ ನಾನು ಹೇಳುತ್ತಿದ್ದೆ. ಹನ್ನೆರಡನೆಯ ಮನೆಯ ಮಾಲಕರು ಇರುವುದು ರಾಮದುರ್ಗದಲ್ಲಿ. ಬಾಡಿಗೆ ಹೊತ್ತಿಗೆ ಬಂದರೆ ಅವರಿಗೆ ನಮ್ಮ ಪೈಕಿಯ ಚಿಂತೆ ಇರಲಿಲ್ಲ. ಆ ಮನೆ ಕೈಬಿಟ್ಟರೆ ಹದಿಮೂರನೆಯದು ಸಿಗುವುದಿಲ್ಲವೆಂದು ನಮಗಿಬ್ಬರಿಗೂ ಗೊತ್ತಿತ್ತು.

ಓಣಿ ಇಳಿಜಾರಿನದು, ಕಲ್ಲು ಹಾಸಿದ್ದು. ನಮ್ಮ ಮನೆ ಮೇಲಿನ ತುದಿಗೆ, ಗೋಡೆಗೆ ಗೋಡೆ ಹತ್ತಿಕೊಂಡು ಮಾಸ್ತರರ ಮನೆ. ಕೆಳಗೆ ಬಾವಿ, ಬಾವಿ ದಾಟಿದರೆ ಡಾಂಬರು ರಸ್ತೆ. ಮಾಸ್ತರರು ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು, ಪೂಜಾರಿಕೆಯ ಮನೆತನದವರು. ದಿನಾ ಮುಂಜಾನೆ ಬಾವಿಯ ಕಟ್ಟೆಯ ಮೇಲೆ ಸ್ನಾನ ಮಾಡಿ, ಒದ್ದೆ ಧೋತರದಲ್ಲೇ ದೇವರಿಗೆಂದು ಒಂದು ಕೊಡ ಮಡಿನೀರು ಹೊತ್ತು ತರುತ್ತಿದ್ದರು. ಬರುವಾಗ ಓಣಿಯ ನಟ್ಟನಡುವೆ ನಡೆಯುವುದು ಅವರ ರೂಢಿ. ಬದಿಯ ಕಟ್ಟೆಗಳ ಮೇಲೆ ಕುಳಿತವರಾಗಲಿ, ಒಣಹಾಕಿದ ಬಟ್ಟೆಯಾಗಲಿ ಮೈಗೆ ಸೋಕಿದರೆ ಮಡಿ ಕೆಡುತ್ತದೆ, ಮತ್ತೆ ಸ್ನಾನ ಮಾಡಬೇಕು. ನನ್ನನ್ನು ಕಂಡಾಗ "ಸಾಲಿ ಹೆಂಗ ನಡದದ ಅಕ್ಕೋರ?" ಎಂದು ಹತ್ತು ಹೆಜ್ಜೆ ದೂರದಿಂದ ಕೇಳುತ್ತಿದ್ದರು. ಕೇಳುವುದರಲ್ಲಿ ಪ್ರೀತಿಯಿತ್ತು. ಹತ್ತು ಹೆಜ್ಜೆಯೂ ಇತ್ತು.

ತಕರಾರು ಹುಟ್ಟಿದ್ದು ಕಾರಿನಿಂದ. ಅದಕ್ಕೆ ನನಗಿಂತ ಹೆಚ್ಚು ವಯಸ್ಸಾಗಿತ್ತು. ಬೇಸಿಗೆಯಲ್ಲಿ ಹೇಗೋ ಮರ್ಯಾದೆಯಿಂದ ಇರುತ್ತಿದ್ದ ಗಾಡಿ, ದೀಪಾವಳಿ ಕಳೆದು ಚಳಿ ಬಿತ್ತೆಂದರೆ ಮೊಂಡು ಹಿಡಿಯುತ್ತಿತ್ತು. ಬ್ಯಾಟರಿಯ ಜೀವ ಅಷ್ಟಕ್ಕಷ್ಟೆ. ನನ್ನ ಗಂಡ ಮುಂದೆ ಹ್ಯಾಂಡಲ್ ತೂರಿಸಿ ಇಪ್ಪತ್ತು ಇಪ್ಪತ್ತೈದು ಸಲ ತಿರುವಬೇಕು. ಅದು ಕೆಮ್ಮಿ, ಸೀನಿ, ಒಮ್ಮೆಲೆ ಹತ್ತಿಕೊಳ್ಳಬೇಕು. ಹತ್ತಿಕೊಂಡ ಮೇಲೂ ಹತ್ತು ನಿಮಿಷ ರೇಸ್ ಮಾಡುತ್ತ ಕಾಯಿಸಬೇಕು, ಇಲ್ಲದಿದ್ದರೆ ಬಾವಿಯ ತಿರುವಿನಲ್ಲಿ ಮತ್ತೆ ಬಂದ್. ಸಾಲದ್ದಕ್ಕೆ ಸೈಲೆನ್ಸರಿಗೆ ತೂತು. ಧಾರವಾಡದ ಮೊದಲ ಬಸ್ಸು ಹೊರಡುವುದರೊಳಗೆ ಸ್ಟ್ಯಾಂಡಿನ ಹೊರಗೆ ನಿಂತರೆ ಮಾತ್ರ ನಮಗೆ ಸೀಟು ತುಂಬುತ್ತಿದ್ದವು. ಹೀಗಾಗಿ ನಸುಕಿನ ನಾಲ್ಕೂವರೆಗೆ ನಮ್ಮ ಮನೆಯ ಮುಂದೆ ಈ ಗದ್ದಲ.

ಚಳಿ ಬಿದ್ದು ವಾರವಾಗಿರಬೇಕು, ಒಂದು ಸಂಜೆ ಮಾಸ್ತರರು ನಮ್ಮ ಕಟ್ಟೆಯ ಕೆಳಗೆ ಬಂದು ನಿಂತರು.

"ಅಕ್ಕೋರ, ತಪ್ಪು ತಿಳೀಬ್ಯಾಡ್ರಿ. ನಮ್ಮ ಮನ್ಯಾಗಿನವರಿಗೆ ಎದಿ ಬ್ಯಾನಿ ಅದ. ರಾತ್ರಿ ಎಲ್ಲಾ ಕೂತ ಇರ್ತಾರ. ನಸುಕಿನ್ಯಾಗ ಒಂದೀಟು ಕಣ್ಣು ಹತ್ತಿರ್ತಾವ, ಅಷ್ಟರಾಗ ನಿಮ್ಮ ಗಾಡಿ ಚಾಲೂ ಆಗ್ತದ."

ಸಾಲೆಯಿಂದ ದಣಿದು ಬಂದಿದ್ದೆ. ಹನ್ನೊಂದು ಬಾಗಿಲುಗಳ ಸಿಟ್ಟು ನಾಲಿಗೆಯ ತುದಿಯಲ್ಲೇ ಇತ್ತು.

"ಎದುರು ಗುಡ್ಯಾಗ ಅದ ಹೊತ್ತಿಗೆ ತಾಳ ಹೊಡದು ಭಜನಿ ಮಾಡತಾರಲ್ರಿ ಮಾಸ್ತರ, ಅದು ಕೇಳಸೂದಿಲ್ಲೇನ್ರಿ? ನಮ್ಮ ಗಾಡಿ ಅಷ್ಟ ಕೇಳಸತೈತೇನು?"

ಅವರು ನನ್ನ ಮುಖ ನೋಡಿ ತಮ್ಮ ಮನೆಯ ಕಡೆಗೆ ತಿರುಗಿದರು. ಬರೋಬ್ಬರಿ ಕೊಟ್ಟೆ ಎಂದು ನಾನು ಹಿಗ್ಗಿದೆ. ಆ ಹಿಗ್ಗು ನಾಲ್ಕು ದಿನ ಬಾಳಲಿಲ್ಲ. ರಾಮದುರ್ಗದಿಂದ ಮಾಲಕರು ಬಂದರು, ಚಹಾ ಕುಡಿದರು, ಬಟ್ಟಲು ಕೆಳಗಿಡುತ್ತ ಹೇಳಿದರು: "ನಿಮ್ಮ ಮ್ಯಾಲ ನನಗೇನೂ ಸಿಟ್ಟಿಲ್ರಿ. ಆದ್ರ ಮಾಸ್ತರ ಬಾಯಿಲೆ ಇನ್ನೊಂದು ಮಾತು ಬಂತಂದ್ರ ಮನಿ ಖಾಲಿ ಮಾಡಬೇಕಾಗತೈತಿ. ಹಳೇ ಮಂದಿ ಅವರು, ಓಣಿ ಅವರ ಮಾತು ಕೇಳತೈತಿ."

ಅಂದು ರಾತ್ರಿ ನಾನು ಉಣ್ಣಲಿಲ್ಲ. ಸಪ್ಪಳ ಬರೀ ನೆಪ, ಅವರಿಗೆ ಬೇಡವಾದವರು ನಾವು ಎಂದು ಗಂಡನ ಮುಂದೆ ಕೂಗಾಡಿದೆ. ಅವರು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. "ಇರಬಹುದು. ಆದ್ರ ಎದಿ ಬ್ಯಾನಿ ಇರೂದೂ ಖರೇನ ಇರಬಹುದು," ಅಂದರು. ಅವರ ಈ ನಿಧಾನ ನನಗೆ ಆಗಿಬರುತ್ತಿರಲಿಲ್ಲ.

ಖರೆಯೋ ಸುಳ್ಳೋ ನೋಡೇಬಿಡೋಣ ಎಂದು ಮರುದಿನ ನಸುಕಿನಲ್ಲಿ, ಗಾಡಿ ರೇಸ್ ಆಗುತ್ತಿರುವಾಗ, ನಾನು ಮಾಸ್ತರರ ಕಿಟಕಿಯ ಹತ್ತಿರ ಹೋಗಿ ನಿಂತೆ. ಒಳಗೆ ಕಂದೀಲು ಉರಿಯುತ್ತಿತ್ತು. ಅವರ ಹೆಂಡತಿ ಹಾಸಿಗೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ಎರಡೂ ಅಂಗೈ ಎದೆಗೆ ಒತ್ತಿಕೊಂಡು, ಬಾಯಿ ತೆರೆದು, ಉಸಿರಿಗೆ ತಡಕಾಡುತ್ತಿದ್ದರು. ಹೊರಗೆ ಎಂಜಿನ್ನು ಏರಿದಾಗಲೆಲ್ಲ ಅವರ ಭುಜ ಬೆಚ್ಚಿ ಮೇಲೇಳುತ್ತಿತ್ತು. ಮಾಸ್ತರರು ಪಕ್ಕದಲ್ಲಿ ಕುಳಿತು ಹೆಂಡತಿಯ ಬೆನ್ನು ನೀವುತ್ತಿದ್ದರು. ನನಗೆ ನಾಚಿಕೆಯಾಯಿತು. ನಾನು ಓಡಿ ಬಂದು ಗಾಡಿ ಬಂದ್ ಮಾಡಿಸಿದೆ. ಅಂದು ಬಸ್ಸು ನಮಗಿಂತ ಮೊದಲು ಹೋಯಿತು.

ಆಮೇಲೆ ನಾವೊಂದು ದಾರಿ ಹುಡುಕಿದೆವು. ಗಾಡಿಯನ್ನು ಮನೆಯ ಮುಂದೆ ಚಾಲೂ ಮಾಡುವುದೇ ಬೇಡ. ನ್ಯೂಟ್ರಲ್ಲಿಗೆ ಹಾಕಿ, ನಾನು ಹಿಂದಿನಿಂದ, ಗಂಡ ಬಾಗಿಲ ಬದಿಯಿಂದ ಬೇವಿನ ಗಿಡದವರೆಗೆ ನೂಕುವುದು. ಅಲ್ಲಿಂದ ಇಳಿಜಾರು, ಅವರು ಹಾರಿ ಒಳಗೆ ಕುಳಿತರೆ ಗಾಡಿ ತಾನಾಗಿ ಬಾವಿ ದಾಟಿ ಡಾಂಬರು ರಸ್ತೆಗೆ ಮುಟ್ಟುತ್ತಿತ್ತು. ಅಲ್ಲಿ ಮನೆಗಳಿರಲಿಲ್ಲ, ಎಷ್ಟು ಬೇಕಾದರೂ ಹ್ಯಾಂಡಲ್ ಹೊಡೆಯಬಹುದು. ರಾತ್ರಿ ಅಲ್ಲೇ ಬಿಡೋಣವೆಂದರೆ ಬೆಳಗಾಗುವುದರೊಳಗೆ ಪೆಟ್ರೋಲೂ ಸ್ಟೆಪ್ನಿಯೂ ಮಾಯವಾಗುತ್ತಿದ್ದವು. ಬ್ಯಾಟರಿ ಉಳಿಯಲೆಂದು ಲೈಟು ಹಚ್ಚುತ್ತಿರಲಿಲ್ಲ. ಓಣಿಯ ಒಂದೊಂದು ಕಲ್ಲೂ ನನಗೆ ಗೊತ್ತು ಎನ್ನುತ್ತಿದ್ದರು ನನ್ನ ಗಂಡ.

ಮೂರು ವಾರ ಹಾಗೆ ನಡೆಯಿತು. ಕಾಲಿಗೆ ಚಳಿ ಹತ್ತಿ ಹಿಮ್ಮಡಿ ಒಡೆದವು, ತಣ್ಣನೆಯ ತಗಡಿಗೆ ಅಂಗೈ ಜುಮ್ಮೆನ್ನುತ್ತಿದ್ದವು. ಆದರೂ ನನಗೆ ಒಳಗೊಳಗೆ ಹೆಮ್ಮೆ. ಮಾಸ್ತರರು ಒಂದು ಸಂಜೆ ಅದೇ ಹತ್ತು ಹೆಜ್ಜೆ ದೂರ ನಿಂತು, "ಈಗ ಅವರಿಗೆ ಒಂದು ತಾಸು ನಿದ್ದಿ ಬರ್ತದ ಅಕ್ಕೋರ, ನಿಮ್ಮ ಉಪಕಾರ," ಅಂದರು. ಮನೆ ಉಳಿಯಿತು ಎಂದುಕೊಂಡೆ. ನಾವು ಇಳಿಯುವುದು ನಾಲ್ಕೂವರೆಗೆ, ಅವರು ಬಾವಿಗೆ ಹೋಗುವುದು ಐದೂವರೆಗೆ. ನಮ್ಮ ನಡುವೆ ಒಂದು ತಾಸಿನ ಅಂತರವಿತ್ತು.

ಧನುರ್ಮಾಸದಲ್ಲಿ ಆ ಅಂತರ ಇರುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಆ ತಿಂಗಳು ಪೂರ್ತಿ ಚುಕ್ಕೆ ಮಾಸುವುದರೊಳಗೆ ಪೂಜೆ ಮುಗಿಸಿ ದೇವರಿಗೆ ಹುಗ್ಗಿ ಎಡೆ ತೋರಿಸಬೇಕು, ಅದಕ್ಕೆ ಸ್ನಾನ ನಾಲ್ಕು ಗಂಟೆಗೇ ಆಗಬೇಕು. ನಮ್ಮ ಮನೆಯಲ್ಲಿ ಪಂಚಾಂಗ ತೂಗುಹಾಕುವುದನ್ನು ಬಿಟ್ಟು ಬಹಳ ವರ್ಷಗಳಾಗಿದ್ದವು. ಮಾಸ್ತರರಿಗೂ ಹೇಳಬೇಕೆಂದು ಹೊಳೆದಿರಲಿಲ್ಲ. ಧನುರ್ಮಾಸ ಯಾರಿಗೆ ತಿಳಿಯುವುದಿಲ್ಲ ಎಂದು ಅವರಂದುಕೊಂಡಿರಬೇಕು.

ಅಂದು ಮಂಜು ಬಿದ್ದಿತ್ತು. ಬೇವಿನ ಗಿಡದವರೆಗೆ ನೂಕಿದೆವು, ಗಂಡ ಹಾರಿ ಕುಳಿತರು, ಗಾಡಿ ಉರುಳತೊಡಗಿತು. ಆಗ ನೋಡಿದರೆ ಬುತ್ತಿಯ ಗಂಟು ನನ್ನ ಹೆಗಲಲ್ಲೇ ಇದೆ. ಕಿಟಕಿಯಿಂದ ಕೊಡೋಣವೆಂದು ಪಕ್ಕದಲ್ಲಿ ಓಡಿದೆ. ಮುಂದಿನ ಗಾಜಿನ ಮೇಲೆ ಇಬ್ಬನಿ ಕುಳಿತು ಬೆಳ್ಳಗಾಗಿತ್ತು, ಅವರು ಒಳಗಿನಿಂದ ಚಿಂದಿಯಿಂದ ಒರೆಸುತ್ತಿದ್ದರು. ನಾನು ಹೊರಗಿದ್ದೆ, ಹಾಗಾಗಿ ನನಗೆ ಕಂಡಿತು. ಕೆಳಗಿನಿಂದ ಓಣಿಯ ನಟ್ಟನಡುವೆ ಬಿಳಿ ಧೋತರವೊಂದು ಮೇಲೇರಿ ಬರುತ್ತಿತ್ತು.

"ಮಾಸ್ತರ, ಸರೀರಿ," ಎಂದು ಕೂಗಿದೆ. ಅವರು ಸರಿಯಲಿಲ್ಲ. ಚಳಿಗೆಂದು ಮಡಿಯ ಉಣ್ಣೆಯ ಧಾಬಳಿಯನ್ನು ತಲೆಗೂ ಕಿವಿಗೂ ಬಿಗಿದು ಸುತ್ತಿದ್ದರು, ಹೆಗಲ ಮೇಲಿನ ಕೊಡ ಒಂದು ಕಣ್ಣಿಗೆ ಮರೆ, ಇನ್ನೊಂದಕ್ಕೆ ಕನ್ನಡಕವಿಲ್ಲ. ನೆಲ ನೋಡುತ್ತ, ಏನೋ ಸ್ತೋತ್ರ ಹೇಳಿಕೊಳ್ಳುತ್ತ, ಒಂದೇ ಸಮ ಬರುತ್ತಿದ್ದರು. ನನ್ನ ಕೂಗಿಗೆ ಗಂಡ ಬ್ರೇಕ್ ಒತ್ತಿದರು. ಇಬ್ಬನಿಗೆ ಒದ್ದೆಯಾದ ಕಲ್ಲಿನ ಮೇಲೆ ಗಾಲಿ ನಿಂತವು, ಗಾಡಿ ನಿಲ್ಲಲಿಲ್ಲ, ಜಾರುತ್ತಲೇ ಹೋಯಿತು. ಬುತ್ತಿ ಬಿಸಾಕಿ ಓಡಿದೆ. ಮಡಿ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು, ಒಂದು ಹೆಜ್ಜೆ ತಡೆಯಿತು ಕೂಡ. ಆ ಒಂದು ಹೆಜ್ಜೆಗಾಗಿ ನಾನು ನನ್ನನ್ನು ಇಂದಿಗೂ ಬಯ್ದುಕೊಳ್ಳುತ್ತೇನೆ. ಆಮೇಲೆ ಅವರ ರಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಕಟ್ಟೆಯ ಕಡೆಗೆ ಎಳೆದೆ. ಇಬ್ಬರೂ ಬಿದ್ದೆವು. ಕೊಡ ಉರುಳಿ ಗಾಲಿಯ ಕೆಳಗೆ ಹೋಗಿ ಚಪ್ಪಟೆಯಾಯಿತು. ಗಾಡಿ ಬಾವಿ ಇನ್ನು ನಾಲ್ಕು ಮಾರು ಇರುವಾಗ ನಿಂತಿತು.

ಮಾಸ್ತರರು ನನ್ನ ಮಗ್ಗುಲಲ್ಲಿ ಕುಳಿತಿದ್ದರು. ಅವರ ರಟ್ಟೆ ಇನ್ನೂ ನನ್ನ ಕೈಯಲ್ಲಿತ್ತು, ತಣ್ಣಗೆ, ಎಲುಬಷ್ಟೆ. ನಾನು ಅಳುತ್ತಿದ್ದೆ. ಅವರು ಕಾರು ನೋಡಿದರು, ಕೊಡ ನೋಡಿದರು, ಆಮೇಲೆ ನನ್ನ ಕೈ ನೋಡಿದರು. ನಾನು ಬಿಟ್ಟೆ.

ಮೇಲಿನ ಬಾಗಿಲು ತೆರೆಯಿತು. ಅವರ ಹೆಂಡತಿ ಹೊಸ್ತಿಲಲ್ಲಿ ಕಂದೀಲು ಹಿಡಿದು ನಿಂತು, ಏದುಸಿರಿನಲ್ಲಿ ಕೇಳಿದರು. "ಏನಾತು? ಯಾರದಾರ ಅಲ್ಲೆ?"

ಮಂಜಿನಲ್ಲಿ ಅವರಿಗೆ ಕಾರು ಕಾಣುತ್ತಿರಲಿಲ್ಲ. ಕಂಡಿದ್ದರೆ, ಇಲ್ಲವೆ ಮಾಸ್ತರರು ಇದ್ದದ್ದನ್ನು ಇದ್ದಹಾಗೆ ಹೇಳಿದ್ದರೆ, ನಾವು ಆ ವಾರವೇ ಪಾತ್ರೆ ಕಟ್ಟಬೇಕಿತ್ತು. ನಾನು ಮಾಸ್ತರರ ಬಾಯಿ ನೋಡುತ್ತ ಕುಳಿತೆ.

"ಏನಿಲ್ಲ," ಅಂದರು ಮಾಸ್ತರರು. "ಬಾವಿ ಹತ್ರ ಕಾಲು ಜಾರಿತು. ಕೊಡ ಬಾವ್ಯಾಗ ಹೋತು. ಅಕ್ಕೋರು ಇದ್ರು, ಹಿಡಕೊಂಡ್ರು."

ಒಣಹಾಕಿದ ಬಟ್ಟೆಗೂ ಹೆದರಿ ನಡೆಯುತ್ತಿದ್ದ ಮನುಷ್ಯ, ಧನುರ್ಮಾಸದ ಮೊದಲ ದಿನ, ಒದ್ದೆ ಧೋತರದಲ್ಲಿ ಕುಳಿತು ನಮಗೋಸ್ಕರ ಸುಳ್ಳು ಹೇಳಿದರು. ಅವರ ಕಾಲಿಗೆ ಬೀಳಬೇಕೆನ್ನಿಸಿತು.

ಮೇಲೆ ಕಂದೀಲು ಎತ್ತರಕ್ಕೇರಿತು. ಆಮೇಲೆ ಅವರ ಹೆಂಡತಿ ಕೇಳಿದರು. "ಅಕ್ಕೋರು ಹಿಡದ್ರೇನು?"

"ಹೂಂ."

"ಹಂಗಾರ ಇನ್ನೊಮ್ಮೆ ಸ್ನಾನ ಆಗಲಿ. ಬ್ಯಾರೆ ಕೊಡ ಇಡ್ತೀನಿ."

ಸಿಟ್ಟಿನಿಂದ ಹೇಳಿದ್ದಲ್ಲ. ಹಾಲು ಉಕ್ಕಿತು, ಒಲೆ ಒರೆಸಬೇಕು ಎನ್ನುವ ದನಿ ಅದು. ಮಾಸ್ತರರು ಕಟ್ಟೆ ಹಿಡಿದು ಎದ್ದರು. ನಾನು ಕೈಚಾಚಲಿಲ್ಲ. "ನಾಳಿಂದ ಕಂದೀಲರೆ ಹಿಡಕೊಂಡು ಬರ್ರಿ ಅಕ್ಕೋರ," ಎಂದು ಮೆಲ್ಲಗೆ ಅಂದು, ಬಾವಿಯ ಕಡೆಗೆ ಇಳಿದರು.

ಬಾವಿಯ ಬಕೀಟಿನ ಹಗ್ಗ ಕಿರುಗುಟ್ಟಿತು. ಮೊದಲ ಬಕೀಟು ನೀರು ಮೈಮೇಲೆ ಬಿದ್ದಾಗ ಅವರ ಗಂಟಲಿನಿಂದ ಹೂಂಕಾರ ಹೊರಟಿತು. ಎರಡನೆಯದಕ್ಕೆ ಕೆಮ್ಮು. ಸಾಕು ಮಾಡ್ರಿ ಎಂದು ಕೂಗಬೇಕೆನ್ನಿಸಿತು, ಆ ಚಳಿಯಲ್ಲಿ ಆ ಮೈಗೆ ಅಷ್ಟು ನೀರು ತಡೆಯುವಂಥದ್ದಲ್ಲ. ಆದರೆ ಅವರು ತೊಳೆದುಕೊಳ್ಳುತ್ತಿದ್ದದ್ದು ನನ್ನ ಕೈಯನ್ನು. ಬದುಕಿದರಲ್ಲ ಎಂಬ ಸಮಾಧಾನವೂ, ಆ ಹಳೆಯ ಸಿಟ್ಟೂ ಒಂದರ ಮೇಲೊಂದು ಬಂದವು.

ಕಾರಿನ ಹತ್ತಿರ ಹೋದೆ. ನನ್ನ ಗಂಡ ಸ್ಟಿಯರಿಂಗ್ ಹಿಡಿದುಕೊಂಡೇ ಕುಳಿತಿದ್ದರು, ಕೈ ಬಿಟ್ಟಿರಲಿಲ್ಲ.

"ಮನಿ ಬಿಡಬೇಕೇನು?" ಎಂದು ಕೇಳಿದರು.

"ಇಲ್ಲ. ಮನಿ ಉಳೀತು."

"ಮತ್ತ?"

ಮತ್ತೊಂದು ಬಕೀಟು ನೀರು ಸುರಿಯಿತು.

"ಇಲ್ಲೇ ಹ್ಯಾಂಡಲ್ ಹೊಡೀರಿ," ಅಂದೆ.

"ಇಲ್ಲೇ? ಮಾಸ್ತರ ಮನ್ಯಾಗ..."

"ಅವರು ಎದ್ದಾರ. ಹೊಡೀರಿ ಅಂದೆ."

ಅವರು ನನ್ನ ಮುಖ ನೋಡಿ ಇಳಿದರು. ಹತ್ತೊಂಬತ್ತು ಸಲ ತಿರುವಿದರು. ಒಂದೊಂದು ತಿರುವಿನ ನಡುವೆಯೂ ನನಗೆ ನೀರು ಬೀಳುವುದು ಕೇಳುತ್ತಿತ್ತು. ಇಪ್ಪತ್ತನೆಯದಕ್ಕೆ ಎಂಜಿನ್ನು ಹತ್ತಿಕೊಂಡಿತು. ನಾನೇ ಒಳಗೆ ಕುಳಿತು, ಆ ನೀರಿನ ಸಪ್ಪಳ ಪೂರಾ ಮುಳುಗುವವರೆಗೆ ರೇಸ್ ಒತ್ತಿದೆ.