ಸೋಮವಾರ ಹೂಡಿದ ಸೈಕಲ್ಲು

ಆ ದಿನ ಶಾಲೆಯಿಂದ ಮನೆಗೆ ಬಂದಾಗ ನನ್ನ ರೇಸ್ ಸೈಕಲ್ಲಿನ ಹ್ಯಾಂಡಲಿಗೆ ಅವ್ವ ಬೆಳ್ಳುಳ್ಳಿ ಗೊಂಚಲುಗಳನ್ನು ತೂಗುಹಾಕಿದ್ದಳು. ಗೋವಿನಕೋವಿಯ ನಮ್ಮ ಮನೆಯ ನಡುಮನೆಯಲ್ಲಿ, ಮೆಕ್ಕೆಜೋಳದ ಚೀಲಗಳ ಪಕ್ಕ ಗೋಡೆಗೆ ಒರಗಿದ್ದ ಆ ಸೈಕಲ್ಲು ಹನ್ನೊಂದು ದಿನಗಳಿಂದ ಅಲ್ಲಾಡಿರಲಿಲ್ಲ. ಹೊಲದಿಂದ ಬಂದ ಹೊಸ ಬೆಳ್ಳುಳ್ಳಿಯನ್ನು ಒಣಗಲು ಎಲ್ಲಿ ಕಟ್ಟಲಿ ಎಂದು ಹುಡುಕುತ್ತಿದ್ದವಳ ಕಣ್ಣಿಗೆ, ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲು ಬಿದ್ದಿದ್ದರಲ್ಲಿ ಅವಳ ತಪ್ಪೇನೂ ಇಲ್ಲ. ಬೇರೆ ಯಾವ ದಿನವಾದರೂ ನಾನು ಮನೆ ಸೂರು ಹಾರುವಂತೆ ಕೂಗಾಡುತ್ತಿದ್ದೆ, ಏಕೆಂದರೆ ಆ ಸೈಕಲ್ಲಿನ ಗಂಧಗಾಳಿಯೂ ಗೊತ್ತಿಲ್ಲದ ನೆಂಟರು ಅದರ ಗೇರು ತಿರುಗಿಸಿ ನೋಡಿದರೂ ಸಹಿಸದವಳು ನಾನು. ಆದರೆ ಅಂದು, ಪರವಾಗಿಲ್ಲ ಅನ್ನಿಸಿತು. ನಿಜ ಹೇಳಬೇಕೆಂದರೆ ಒಳ್ಳೆಯದೇ ಆಯಿತು ಅನ್ನಿಸಿತು. ಬೆಳ್ಳುಳ್ಳಿ ಒಣಗುವ ತನಕ ಸೈಕಲ್ಲು ತೆಗೆಯದಿರುವುದಕ್ಕೆ ಒಂದು ನೆಪ ಸಿಕ್ಕಿತಲ್ಲ ಎಂಬ ನೆಮ್ಮದಿ ಬಂತು, ಮತ್ತು ಆ ನೆಮ್ಮದಿಗೇ ನಾನು ಹೆದರಿದೆ.

ನಾನು ಹೊನ್ನಾಳಿಯ ಒಂದು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ. ಶಾಲೆಯ ಹೊತ್ತು ಬಿಟ್ಟು ಉಳಿದ ಹೊತ್ತೆಲ್ಲ ಸೈಕಲ್ ಸ್ಪರ್ಧಿ. ಬೆಳಗ್ಗೆ ಬಿಗಿಯುಡುಪು ತೊಟ್ಟು ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ನ್ಯಾಮತಿ ರಸ್ತೆಗೆ ಇಳಿದಾಗ ಬಸ್ಸಿಗೆ ಕಾದವರು ಮೊದಮೊದಲು ನಗುತ್ತಿದ್ದರು, ಆಮೇಲೆ ಗಡಿಯಾರ ನೋಡಿಕೊಳ್ಳತೊಡಗಿದರು. ನಮ್ಮ ಸ್ಪರ್ಧೆಗಳ ಕಾಲ ಮಳೆ ಹಿಂದೆಗೆದ ಮೇಲೆ ಶುರುವಾಗಿ ಶಿವರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಎಲ್ಲಕ್ಕಿಂತ ಕೊನೆಯದರಲ್ಲಿ ರಾಜ್ಯ ತಂಡದ ಆಯ್ಕೆ. ಎರಡು ವರ್ಷ ಸತತವಾಗಿ ನಾನು ಆ ಆಯ್ಕೆಯಲ್ಲಿ ಒಂದೇ ಒಂದು ಸ್ಥಾನದಿಂದ ಅವಕಾಶ ಕಳೆದುಕೊಂಡಿದ್ದೆ. ನನಗೀಗ ಇಪ್ಪತ್ತೆಂಟು. ಈ ಸಲ ಆಗದಿದ್ದರೆ ಇನ್ನೆಂದು ಎಂದು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ, ನಾನೇ ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತಿದ್ದೆ. ಆ ಕೊನೆಯ ಸ್ಪರ್ಧೆಗೆ ಇನ್ನು ಹತ್ತೇ ದಿನವಿತ್ತು, ಹ್ಯಾಂಡಲಿನಲ್ಲಿ ಬೆಳ್ಳುಳ್ಳಿ ತೂಗುತ್ತಿತ್ತು.

ದಣಿವು ನನಗೆ ಹೊಸದಲ್ಲ, ನಿಮಗೂ ಹೊಸದಿರಲಾರದು. ಹೊಟ್ಟೆ ತುಂಬ ಉಂಡು ಒಂದು ನಿದ್ದೆ ತೆಗೆದರೆ ಇಳಿದುಹೋಗುವ ದಣಿವು ಒಂದು ಬಗೆಯ ಸುಖವೇ. ನನಗೆ ಹತ್ತಿದ್ದು ಬೇರೆ. ನಿದ್ದೆ ಬಂದರೂ ಎದ್ದಾಗ ತೊಡೆಗಳು ನೆನೆದ ಗೋಣಿಚೀಲದಷ್ಟು ಭಾರ. ಕಾರಣವಿಲ್ಲದೆ ಶಾಲೆಯ ಮಕ್ಕಳ ಮೇಲೆ ರೇಗಾಟ. ಹಸಿವು ಕೂಡ ಯಾರೋ ಜ್ಞಾಪಿಸಿದ ಮೇಲೆ ಬರುವಂಥದ್ದು. ಜಗಳೂರಿನ ಬಯಲಿನಲ್ಲಿ ನಡೆದ ಹಿಂದಿನ ಸ್ಪರ್ಧೆಯಲ್ಲಿ, ಎದುರುಗಾಳಿಗೆ ತಲೆ ತಗ್ಗಿಸಿ ತುಳಿಯುತ್ತಿದ್ದಾಗ, ನನ್ನ ಮುಂದಿದ್ದ ಹುಡುಗಿಯ ಚಕ್ರ ಪಂಕ್ಚರ್ ಆಗಿ ಅವಳು ರಸ್ತೆಯ ಬದಿಗೆ ಸರಿದಳು. ಅವಳು ಅಳುತ್ತಿದ್ದಳು. ಅವಳನ್ನು ದಾಟಿ ಹೋಗುವಾಗ ನನಗೆ ಸಂತೋಷವಾಗಬೇಕಿತ್ತು, ಇಲ್ಲವೆ ಕನಿಕರವಾದರೂ ಬರಬೇಕಿತ್ತು. ನನಗೆ ಬಂದದ್ದು ಅಸೂಯೆ. ಎಷ್ಟು ಪುಣ್ಯವಂತೆ, ಇವಳಿಗೆ ನಿಲ್ಲಲು ಸಿಕ್ಕಿತಲ್ಲ ಎಂದುಕೊಂಡು, ನನ್ನ ಚಕ್ರಕ್ಕೂ ಒಂದು ಜಾಲಿಮುಳ್ಳು ಸಿಗಲಿ ಎಂದು ಹಾರೈಸುತ್ತ ಉಳಿದ ದಾರಿಯನ್ನೆಲ್ಲ ತುಳಿದೆ. ಜಗಳೂರಿನಲ್ಲಿ ಜಾಲಿಗೇನು ಬರವಿಲ್ಲ, ಆದರೂ ನನ್ನ ಪಾಲಿಗೆ ಒಂದು ಮುಳ್ಳೂ ಬರಲಿಲ್ಲ. ಮನೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿದವಳು ಮತ್ತೆ ಅದರ ಕಡೆ ತಿರುಗಲಿಲ್ಲ.

ಇಲ್ಲಿ ನಿಮಗೊಂದು ತಪ್ಪೊಪ್ಪಿಗೆ ಹೇಳಬೇಕು. ದಾವಣಗೆರೆಯಲ್ಲಿರುವ ನನ್ನ ತರಬೇತುದಾರರು ವಾರವಾರ ಕಳಿಸುವ ಪಟ್ಟಿಯಲ್ಲಿ ಸೋಮವಾರದ ಮುಂದೆ ಯಾವಾಗಲೂ ಒಂದೇ ಮಾತು: ವಿಶ್ರಾಂತಿ. ನನಗೆ ಅದು ಸೋಮಾರಿಗಳಿಗೆ ಬರೆದ ಸಾಲಿನಂತೆ ಕಾಣುತ್ತಿತ್ತು. ಬೇರೆಯವರು ಮಲಗಿದ ದಿನ ನಾನು ತುಳಿದರೆ ಅಷ್ಟರಮಟ್ಟಿಗೆ ಮುಂದೆ ಹೋದಂತಲ್ಲವೆ ಎಂಬ ಲೆಕ್ಕಾಚಾರದಲ್ಲಿ, ದಾರಿ ವೇಗಗಳನ್ನೆಲ್ಲ ಅವರಿಗೆ ತಲುಪಿಸುವ ಚಿಕ್ಕ ಯಂತ್ರವನ್ನು ಸೈಕಲ್ಲಿನಿಂದ ಬಿಚ್ಚಿ ಮನೆಯಲ್ಲೇ ಇಟ್ಟು, ತರಕಾರಿ ತರುವ ನೆಪದಲ್ಲಿ ನ್ಯಾಮತಿಗೆ ಹೊರಡುತ್ತಿದ್ದೆ. ತರಕಾರಿಯನ್ನು ಬೆನ್ನಿಗೆ ಕಟ್ಟಿಕೊಂಡು ಆ ಪರಿ ಓಡಿಸಿದವರು ನಮ್ಮ ತಾಲ್ಲೂಕಿನಲ್ಲಿ ಬೇರಾರೂ ಇರಲಿಕ್ಕಿಲ್ಲ. ಎಷ್ಟು ಟೊಮ್ಯಾಟೊ ಜಜ್ಜಿಹೋಯಿತೋ ಅವ್ವನಿಗೇ ಗೊತ್ತು. ಮಳೆಗಾಲ ಕಳೆದ ಮೇಲೆ ಜಗಳೂರಿನ ಸ್ಪರ್ಧೆಯ ತನಕ ಒಂದು ಸೋಮವಾರವನ್ನೂ ನಾನು ಬಿಟ್ಟಿರಲಿಲ್ಲ.

ತಮಾಷೆಯೆಂದರೆ ಇದೆಲ್ಲ ನಡೆದದ್ದು, ಸೋಮವಾರ ಎತ್ತು ಹೂಡದ ಮನೆಯಲ್ಲಿ. ನಮ್ಮ ಕಡೆ ಆ ದಿನ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ನಮ್ಮ ಮನೆಯಲ್ಲಿ ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂದು ಕಾಲವಾಯಿತು, ಆದರೆ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಸೋಮವಾರ ಟ್ರ್ಯಾಕ್ಟರನ್ನೂ ಹೂಡುವುದಿಲ್ಲ. ಅದನ್ನು ತೊಳೆದು, ಹೊಗೆಕೊಳವೆಗೆ ವಿಭೂತಿ ಹಚ್ಚಿ, ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿಬಿಡುತ್ತಾನೆ. ನಾನು ಓದಿದ ಗರ್ವದಲ್ಲಿ ಎಷ್ಟೋ ಸಲ ಅವನನ್ನು ಕೆಣಕಿದ್ದೆ, ಕಬ್ಬಿಣಕ್ಕೂ ಮೈಕೈ ನೋವು ಬರುತ್ತದೇನು ಎಂದು. ಅವನು ನಕ್ಕು ಮತ್ತೆ ವಿಭೂತಿ ಹಚ್ಚತೊಡಗುತ್ತಿದ್ದ.

ಬೆಳ್ಳುಳ್ಳಿ ಕಟ್ಟಿದ ನಾಲ್ಕು ದಿನಕ್ಕೆ ಸೋಮವಾರ ಬಂತು. ಅದೇನೋ ಹಬ್ಬಕ್ಕೆ ಶಾಲೆಗೆ ರಜೆಯಿತ್ತು. ಬೇವಿನ ನೆರಳಿನಲ್ಲಿ ಟ್ರ್ಯಾಕ್ಟರ್ ಒರೆಸುತ್ತಿದ್ದ ದೊಡ್ಡಪ್ಪನ ಹತ್ತಿರ ಹೋಗಿ ಕುಳಿತೆ. ನನ್ನ ಮುಖ ನೋಡಿದವನೇ, ಕೈಯ ಬಟ್ಟೆ ಹಿಂಡುತ್ತ, "ಯಾಕವ್ವ, ಸೈಕಲ್ ಮ್ಯಾಲೆ ಸಿಟ್ಟು ಬಂದೈತೇನು?" ಎಂದ. ಏನೂ ಬೇಡವಾಗಿದೆ ಎಂದೆ. ಆಮೇಲೆ ಯಾರಿಗೂ ಹೇಳದ ಸೋಮವಾರಗಳ ಕತೆಯನ್ನು ಅವನಿಗೆ ಹೇಳಿದೆ. ಅವನು ಟ್ರ್ಯಾಕ್ಟರಿನ ಮಡ್‌ಗಾರ್ಡು ಒರೆಸಿ ಮುಗಿಸಿದ.

"ನಾನೂ ಒಂದ್ಸಲ ಹೂಡಿದ್ದೆ," ಎಂದ. "ಮಳೆ ಬರೋ ಹಂಗಿತ್ತು, ಬಿತ್ತಾಕೆ ಒಂದೀಟು ಉಳಿದಿತ್ತು. ಸೋಮವಾರ ಅಂತ ಗೊತ್ತಿದ್ದೂ ಹೂಡಿದೆ. ಬಿಳೇ ಎತ್ತು ಸಾಲಿನಾಗೇ ಮಲಗಿಬಿಡ್ತು. ರೋಗ ಇಲ್ಲ, ರುಜಿನ ಇಲ್ಲ. ಹೊಡೆದೆ ಕಣವ್ವ. ಹೊಡೆದಾಗ ನನ್ನ ಕಡೆ ನೋಡ್ತು, ಏಳಲಿಲ್ಲ." ಬಟ್ಟೆಯನ್ನು ಬಕೆಟ್ಟಿಗೆ ಹಾಕಿದ. "ನೀ ಅಂದಂಗೆ ಟ್ರ್ಯಾಕ್ಟರಿಗೆ ಕಾಲು ನೋಯಾಕಿಲ್ಲ. ಅದರ ಮ್ಯಾಲೆ ಕುಂದ್ರೋನು ಮನುಷ್ಯ ಅಲ್ಲೇನು? ಬಸವಣ್ಣ ಅವನನ್ನೂ ನೋಡ್ಕಂಡು ಈ ದಿನ ಇಟ್ಟಾನೆ."

ನನಗೆ ಅಳು ಬಂತು. ಆ ಎತ್ತಿಗಾಗಿ ಬಂದ ಅಳು ಎಂದು ಮೊದಲು ಅಂದುಕೊಂಡೆ. ಇಷ್ಟು ತಿಂಗಳು ಹೊಡೆಯುವ ಕೈಯೂ ನನ್ನದೇ, ಪೆಟ್ಟು ತಿನ್ನುವ ಬೆನ್ನೂ ನನ್ನದೇ ಆಗಿತ್ತು ಎಂಬುದು ಅಲ್ಲಿ ಕುಳಿತಾಗ ತಿಳಿಯಿತು.

ಅಂದೇ ತರಬೇತುದಾರರಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಅವರು ಬಯ್ಯಲಿಲ್ಲ. "ಈ ಆಯ್ಕೆಗೆ ಬರಲಿಲ್ಲ ಅಂದ್ರೆ ಈ ವರ್ಷದ ಜಾಗ ಹೋಯ್ತು. ಬಂದ್ರೆ ಜಾಗ ಸಿಕ್ಕರೂ ಸಿಗಬಹುದು, ಏನೋ ಒಂದು ಆಗ್ತೈತೆ. ಆದರೆ ಅದರ ಮುಂದಿನ ವರ್ಷ ನೀನು ಸೈಕಲ್ ಮುಟ್ತೀಯ ಅಂತ ನಾನು ಹೇಳಲಾರೆ. ನೀನೇ ನೋಡಮ್ಮ," ಎಂದರು. ಬರುವುದಿಲ್ಲ ಸರ್ ಎಂದೆ. ಎರಡೇ ಪದ, ಆದರೆ ಜಗಳೂರಿನ ಇಡೀ ಗಾಳಿಗಿಂತ ಅವನ್ನು ದಾಟುವುದು ಕಷ್ಟವಾಯಿತು.

ಸ್ಪರ್ಧೆಯ ಭಾನುವಾರ ಅವ್ವನ ಜೊತೆ ಕುಳಿತು ಶೇಂಗಾ ಸುಲಿದೆ. ಮಧ್ಯಾಹ್ನಕ್ಕೆ ಫೋನಿಗೆ ಫಲಿತಾಂಶ ಬಂತು: ಅಂದು ಪಂಕ್ಚರ್ ಆಗಿ ರಸ್ತೆ ಬದಿಯಲ್ಲಿ ಅತ್ತಿದ್ದ ಹುಡುಗಿಯೇ ತಂಡಕ್ಕೆ ಆಯ್ಕೆಯಾಗಿದ್ದಳು. ನನಗೆ ಮತ್ತೆ ಅಸೂಯೆಯಾಯಿತು, ಆದರೆ ಅದು ಹಿಂದಿನ ಅಸೂಯೆಯಾಗಿರಲಿಲ್ಲ. ಅಂದು ಅವಳು ನಿಂತಳೆಂದು ಹೊಟ್ಟೆಕಿಚ್ಚು ಪಟ್ಟಿದ್ದೆ, ಈಗ ಅವಳು ಓಡಿಸಿದಳೆಂದು. ಕೆಟ್ಟ ಗುಣವೆಂದು ನೀವು ಅನ್ನಬಹುದು. ನನಗಂತೂ ಜ್ವರ ಬಿಟ್ಟವರಿಗೆ ಉಪ್ಪಿನಕಾಯಿ ಬೇಕೆನಿಸಿದಷ್ಟು ಹಿತವಾಯಿತು. ಅಭಿನಂದನೆ ಎಂದು ಅವಳಿಗೆ ಬರೆದು ಕಳಿಸಿ, ಮತ್ತೆ ಶೇಂಗಾಕ್ಕೆ ಕೈ ಹಾಕಿದೆ.

ಸುಮ್ಮನಿರುವುದನ್ನು ಕಲಿಯುವುದು ತುಳಿಯುವುದಕ್ಕಿಂತ ಕಷ್ಟ ಎಂದು ನಂತರದ ವಾರಗಳಲ್ಲಿ ಗೊತ್ತಾಯಿತು. ಮೊದಲ ಸೋಮವಾರ ಅಂಗಳದಲ್ಲಿ ಅಡ್ಡಾಡಿ ಅಡ್ಡಾಡಿ ಅವ್ವನಿಂದ ಬೈಸಿಕೊಂಡೆ. ಎರಡನೆಯದಕ್ಕೆ ಬೇವಿನ ನೆರಳಲ್ಲಿ ಚಾಪೆ ಹಾಸಿ ಕುಳಿತು, ನಾವು ದುಡಿಮೆಯನ್ನು ಹೊಗಳುವಷ್ಟು ಬಾಯ್ತುಂಬ ಬಿಡುವನ್ನು ಏಕೆ ಹೊಗಳುವುದಿಲ್ಲವೋ ಎಂದು ಯೋಚಿಸಿದೆ. ಹೊಲವನ್ನು ಒಂದು ಬೆಳೆ ಬೀಳು ಬಿಟ್ಟರೆ ಅದನ್ನು ಯಾರೂ ಸೋಮಾರಿ ಹೊಲ ಎನ್ನುವುದಿಲ್ಲ. ಮನುಷ್ಯರ ವಿಷಯದಲ್ಲಿ ಮಾತ್ರ ಬಿಡುವೆಂದರೆ ಸೋಲಿನ ತಮ್ಮನೇನೋ ಎಂಬಂತೆ ನೋಡುತ್ತೇವೆ. ಮೂರನೆಯ ಸೋಮವಾರ ನನಗೆ ಏನೂ ಹೊಳೆಯಲಿಲ್ಲ, ಏಕೆಂದರೆ ನಿದ್ದೆ ಹೋಗಿದ್ದೆ.

ಶಿವರಾತ್ರಿ ಕಳೆದ ಮೇಲೆ ಚನ್ನಗಿರಿ ಕಡೆ, ಸೂಳೆಕೆರೆಯ ಅಂಚಿನ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಬಸ್ಸಿನಲ್ಲಿ ಹೋದೆ. ಬೆಳಗ್ಗೆ ಎದ್ದು ಭಾವನ ಹಳೆಯ ಸೈಕಲ್ಲು ತೆಗೆದುಕೊಂಡು ಕೆರೆ ನೋಡಲು ಹೊರಟೆ: ಗೇರಿಲ್ಲ, ಹಿಂದಿನ ಬ್ರೇಕಿಲ್ಲ, ಪೆಡಲಿನ ಒಂದು ಕಡೆ ಬರೀ ಕಡ್ಡಿ. ಎಲ್ಲಿಗೂ ಬೇಗ ತಲುಪಬೇಕಾಗಿರಲಿಲ್ಲ. ಗದ್ದೆಯ ಹಸುರನ್ನೂ ಸಮುದ್ರದಂತೆ ಹರಡಿದ ನೀರನ್ನೂ ನೋಡುತ್ತ ನಿಧಾನವಾಗಿ ತುಳಿಯುತ್ತಿದ್ದೆ. ಆಗ ಹಿಂದಿನಿಂದ ಚೈನು ಕರಕರ ಎನ್ನುವ ಸದ್ದು ಕೇಳಿಸಿತು. ಕ್ಯಾರಿಯರಿಗೆ ಮೀನಿನ ಬುಟ್ಟಿ ಕಟ್ಟಿಕೊಂಡ, ಐವತ್ತು ದಾಟಿದ ಒಬ್ಬರು, ಲುಂಗಿ ಎತ್ತಿಕಟ್ಟಿ, ನನ್ನ ಕಡೆ ನೋಡದೆ, ಒಂದು ಬೀಡಿಯನ್ನು ಬಾಯಲ್ಲೇ ಇಟ್ಟುಕೊಂಡು ನನ್ನನ್ನು ದಾಟಿ ಏರಿಯ ದಿಬ್ಬ ಹತ್ತತೊಡಗಿದರು.

ಒಂದು ಕ್ಷಣ ನೋಡಿದೆ. ಕಾಲಿನೊಳಗೆ ಏನೋ ಕಚಗುಳಿಯಿಟ್ಟಿತು. ನಾನು ಯಾರನ್ನೂ ಕೇಳದೆ, ಯಾವ ಪಟ್ಟಿಯನ್ನೂ ನೆನೆಯದೆ ಸೀಟಿನಿಂದ ಎದ್ದು ನಿಂತು ತುಳಿದೆ. ಅವರೂ ಕಡಿಮೆಯವರಲ್ಲ, ಬುಟ್ಟಿಯ ಭಾರ ಹೊತ್ತೇ ದಿಬ್ಬದ ಮುಕ್ಕಾಲು ಭಾಗದ ತನಕ ನನ್ನನ್ನು ಹತ್ತಿರ ಬಿಡಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು, ತೊಡೆ ಉರಿಯುತ್ತಿತ್ತು, ಮತ್ತು ನನಗೆ ನಗು ಬರುತ್ತಿತ್ತು. ತುದಿಯಲ್ಲಿ ಅಂತೂ ಅವರ ಪಕ್ಕಕ್ಕೆ ಬಂದೆ. ಅವರು ಗಾಬರಿಯಾಗಿ ಕಾಲೂರಿ ನಿಲ್ಲಿಸಿದರು.

"ಮೀನು ಬೇಕಿತ್ತೇನ್ರಿ ತಂಗಿ? ಒಂದು ಕೂಗು ಹಾಕಿದ್ರೆ ನಿಂತ್ಕಂತಿದ್ನಲ್ಲ, ಯಾಕಿಷ್ಟು ಏದುಸಿರು ಬಿಟ್ಕಂಡು ಬಂದ್ರಿ?"

ನಾನೂ ಕಾಲೂರಿ ಉಸಿರೆಳೆದುಕೊಂಡೆ.

"ಮೀನು ಬ್ಯಾಡ್ರಿ ಅಣ್ಣ," ಎಂದೆ. "ನೀವು ನಿಲ್ಲಬ್ಯಾಡ್ರಿ, ಹೋಗ್ರಿ. ನಾನು ಹಿಂದೆ ಬರ್ತೀನಿ."