ದಾರ ಕಟ್ಟಿದ ಬದನೆಕಾಯಿ

ಹೋದ ಭಾನುವಾರ ನನ್ನ ಮಗಳು ಹೊಸದಾಗಿ ತಂದ ಓವನ್ನಿನಲ್ಲಿ ಬದನೆಕಾಯಿ ಇಟ್ಟಿದ್ದಳು. ಒಳಗೆ ಕುರಿ ಖೀಮಾ ತುಂಬಿ ಬೇಯಿಸುವುದು. ಫೋನಿನಲ್ಲಿ ಯಾರೋ ಮಾಡಿದ್ದನ್ನು ನೋಡಿ ಕಲಿತದ್ದಂತೆ. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಬದನೆಯ ಸಿಪ್ಪೆ ಸುಟ್ಟು, ಮಾಂಸದ ಕೊಬ್ಬು ಕರಗಿ ಅದರೊಳಕ್ಕೆ ಇಳಿಯುವಾಗ ಒಂದು ವಾಸನೆ ಬರುತ್ತದೆ. ಬೇರೆ ಯಾವ ಅಡುಗೆಗೂ ಅದು ಬರುವುದಿಲ್ಲ. ಆ ವಾಸನೆ ಕಿಟಕಿಯಿಂದ ಹೊರಗೆ ಬಂತು. ನನ್ನ ಕೈಯಲ್ಲಿದ್ದ ಒದ್ದೆ ಸೀರೆ ಕೈಯಲ್ಲೇ ಉಳಿಯಿತು. ಅದು ನಮ್ಮ ಮನೆಗೆ ಬಂದು ಹದಿನಾರು ವರ್ಷವಾಗಿತ್ತು... ನಾನೇ ಬರಗೊಟ್ಟಿರಲಿಲ್ಲ.

ಆಗ ನಮ್ಮ ಎದುರು ಮನೆಯಲ್ಲಿ ಹಾಸ್ಟೆಲ್ ಅಕ್ಕ ಇದ್ದರು. ಬ್ರೂಸ್‌ಪೇಟೆಯ ಹಿಂದಿನ ನಮ್ಮ ಓಣಿಯಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದರು. ಸಿರುಗುಪ್ಪದ ಹುಡುಗರ ಹಾಸ್ಟೆಲಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಅಡುಗೆ ಮಾಡಿ, ಕೆಲಸ ಮುಗಿದ ಮೇಲೆ ಬಳ್ಳಾರಿಗೆ ಬಂದು ಒಂದೇ ಕೋಣೆಯ ಮನೆಯಲ್ಲಿ ಬಾಡಿಗೆಗಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಹುಟ್ಟೂರು ಹಚ್ಚೊಳ್ಳಿಯಲ್ಲಿ ತಮ್ಮನ ಸಂಸಾರವಿತ್ತು. ತಮ್ಮನ ಹೆಂಡತಿಗೆ ಭಾರವಾಗಬಾರದೆಂದು ಇಲ್ಲಿಗೆ ಬಂದೆ ಅಂತ ಹೇಳುತ್ತಿದ್ದರು. ನಾನು ಅದನ್ನು ನಂಬಿರಲಿಲ್ಲ. ಹೊಲ, ಕಾಲುವೆ, ಬಂಧು ಬಳಗ ಎಲ್ಲ ಇರುವ ಊರು ಬಿಟ್ಟು ಒಂಟಿ ಹೆಂಗಸು ಈ ಇಕ್ಕಟ್ಟಿನ ಓಣಿಗೆ ಸುಮ್ಮನೆ ಬರುತ್ತಾಳೆಯೇ ಅನ್ನುವುದು ನನ್ನ ಲೆಕ್ಕ.

ನನ್ನ ಸ್ವಭಾವವೇ ಹಾಗಿತ್ತು. ಯಜಮಾನರು ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ನಾನೂ ಮನೆಯಲ್ಲಿ ಮಿಷನ್ ಇಟ್ಟುಕೊಂಡು ಪ್ಯಾಂಟುಗಳಿಗೆ ಜೇಬು ಕೂಡಿಸುತ್ತಿದ್ದೆ. ಮಿಷನ್ ಇದ್ದದ್ದು ಬೀದಿ ಕಿಟಕಿಯ ಪಕ್ಕ. ಕೈ ಹೊಲಿಯುತ್ತಿದ್ದರೂ ಕಣ್ಣು ಓಣಿಯ ಮೇಲೆ. ಯಾರು ಯಾರ ಮನೆಗೆ ಹೋದರು, ಎಷ್ಟು ಹೊತ್ತಿಗೆ ಹೊರಬಂದರು, ಎಲ್ಲ ನನಗೆ ಗೊತ್ತಿರುತ್ತಿತ್ತು. ಹಾಗಾಗಿ ನಮ್ಮ ಮಾವ ದಿನಾ ಸಂಜೆ ಹಾಸ್ಟೆಲ್ ಅಕ್ಕನ ಮನೆ ಕಟ್ಟೆಯ ಮೇಲೆ ಹೋಗಿ ಕೂರತೊಡಗಿದ್ದನ್ನು ಓಣಿಯಲ್ಲಿ ಮೊದಲು ನೋಡಿದವಳೂ ನಾನೇ.

ಮಾವ ಬಸ್ ಡ್ರೈವರ್ ಆಗಿದ್ದವರು. ಬಳ್ಳಾರಿ–ಸಿರುಗುಪ್ಪ ಗಾಡಿಯನ್ನೇ ಬಹಳ ವರ್ಷ ಓಡಿಸಿದ್ದರು. ಎತ್ತರದ ಆಳು, ಎತ್ತರದ ದನಿ, ಕೆನ್ನೆಯಲ್ಲಿ ಯಾವಾಗಲೂ ತಂಬಾಕು. ಅತ್ತೆ ತೀರಿಕೊಂಡು ಒಂದು ವರ್ಷವಾಗಿತ್ತು. ತಂಬಾಕಿನ ವಿಷಯಕ್ಕೆ ನಾನು ಅವರ ಮೇಲೆ ದಿನಾ ಸಿಡುಕುತ್ತಿದ್ದೆ. ಗೋಡೆ, ಮೋರಿ, ಬಚ್ಚಲು ಎಲ್ಲ ಕೆಂಪು ಮಾಡಿಡುತ್ತಾರೆ ಅಂತ. ಆ ವರ್ಷ ಅವರ ಮಾತು ಕಡಿಮೆಯಾಯಿತು. ಊಟವೂ. ತಟ್ಟೆ ತೆಗೆದುಕೊಂಡು ಹಿಂದಿನ ಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು. ಅರ್ಧ ರೊಟ್ಟಿ ಹಾಲಿನಲ್ಲಿ ನೆನೆಸಿಕೊಂಡು, "ಹಸಿವಿಲ್ಲವ್ವ" ಅಂತ ಎದ್ದುಬಿಡುತ್ತಿದ್ದರು.

ಆದರೆ ಭಾನುವಾರ ಮಾತ್ರ ಅವರಿಗೆ ಹಸಿವಿರುತ್ತಿತ್ತು.

ಭಾನುವಾರ ಬೆಳಿಗ್ಗೆ ಹಾಸ್ಟೆಲ್ ಅಕ್ಕ ತಾವೇ ಹೋಗಿ ಎಳೆ ಕುರಿಯ ಮಾಂಸ ತರುತ್ತಿದ್ದರು. ಈರುಳ್ಳಿ, ಬೆಳ್ಳುಳ್ಳಿ, ಒಣಕೊಬ್ಬರಿ, ಗಸಗಸೆ ಹುರಿಯುವ ಘಮ ಓಣಿ ತುಂಬುತ್ತಿತ್ತು. ಗುಂಡು ಬದನೆಕಾಯಿಗಳನ್ನು ತೊಟ್ಟು ಬಿಡಿಸದೆ ನಾಲ್ಕಾಗಿ ಸೀಳಿ, ಖೀಮಾ ತುಂಬಿ, ಅಗಲ ಬೋಗುಣಿಯಲ್ಲಿ ಜೋಡಿಸಿ ಇದ್ದಿಲ ಒಲೆಯ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹಾಕುತ್ತಿದ್ದರು. ಕೆಳಗೂ ಬೆಂಕಿ, ಮೇಲೂ ಬೆಂಕಿ. ಕಾಯಿ ಬೆಣ್ಣೆಯಾಗುತ್ತಿತ್ತು. ಮಧ್ಯಾಹ್ನ ನಮ್ಮ ಮನೆಗೊಂದು ಡಬ್ಬಿ ಬರುತ್ತಿತ್ತು.

ಆ ಡಬ್ಬಿಯಲ್ಲಿ ಎರಡು ಥರದವು ಇರುತ್ತಿದ್ದವು. ಕೆಲವಕ್ಕೆ ಏನೂ ಇಲ್ಲ. ಎರಡಕ್ಕೆ ಮಾತ್ರ ಬಿಳಿ ದಾರ ಸುತ್ತಿ ಗಂಟು ಹಾಕಿರುತ್ತಿದ್ದರು.

"ದಾರ ಕಟ್ಟಿದ್ದು ಮಾವ್ನೋರಿಗೆ, ತಂಗಿ. ಅವನ್ನ ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ" ಅಂದರು ಮೊದಲ ಸಲ.

"ಯಾಕ್ರಿ ಅಕ್ಕ?"

"ಹಂಗ. ಅವ್ರ ನಾಲಗಿಗಿ ಅದ ಹಿಡಿಸೇತಿ" ಅಂದು ನನ್ನ ಮುಖ ನೋಡದೆ ಹೋದರು.

ಮುಖ ನೋಡದೆ ಹೋದದ್ದು ನನ್ನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು. ಒಂದೇ ಬೋಗುಣಿಯಲ್ಲಿ ಬೆಂದದ್ದು, ಒಬ್ಬರಿಗೆ ಬೇರೆ ಯಾಕೆ? ಆಮೇಲೆ ಇನ್ನೂ ಕೆಲವು ಕಂಡವು. ಕಟ್ಟೆಯ ಮೇಲೆ ಅವರಿಬ್ಬರೂ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದವರು ನಾನು ಹತ್ತಿರ ಹೋದರೆ ಸುಮ್ಮನಾಗುತ್ತಿದ್ದರು. ಒಂದು ಸಂಜೆ ಅವರು ಮಾವನ ಅಂಗೈಯಲ್ಲಿ ಸಣ್ಣ ಕಾಗದದ ಪೊಟ್ಟಣ ಇಟ್ಟಿದ್ದನ್ನು ಕಿಟಕಿಯಿಂದ ಕಂಡೆ. ಮಾವ ಅದನ್ನು ಗಬಕ್ಕನೆ ಜೇಬಿಗೆ ಹಾಕಿಕೊಂಡರು. ಅತ್ತ ಮಾವನ ಕತ್ತಿನ ಎಲುಬು ಎದ್ದು ಕಾಣತೊಡಗಿತ್ತು.

ಕುರುಗೋಡಿಗೆ ಕೊಟ್ಟ ನನ್ನ ನಾದಿನಿ ಹಬ್ಬಕ್ಕೆ ಬಂದಳು. ತಂದೆಯನ್ನು ನೋಡಿ ಅತ್ತಳು. ಅಡುಗೆಮನೆಯಲ್ಲಿ ನಾನು ಎಲ್ಲ ಹೇಳಿದೆ. ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ವೈನಿ, ಇದು ಮದ್ದು" ಅಂದಳು.

ನಮ್ಮ ಕಡೆ ಆ ಮಾತಿಗೆ ಬರೀ ಔಷಧಿ ಅನ್ನುವ ಅರ್ಥವಿಲ್ಲ. ಅನ್ನದಲ್ಲಿ ಕಲಸಿ ತಿನ್ನಿಸಿ ಮನುಷ್ಯನನ್ನು ವಶ ಮಾಡಿಕೊಳ್ಳುವುದಕ್ಕೂ, ಒಳಗಿಂದೊಳಗೇ ಕರಗಿಸುವುದಕ್ಕೂ ಮದ್ದು ಹಾಕುತ್ತಾರೆ ಅನ್ನುವ ನಂಬಿಕೆ. ನನ್ನ ಅನುಮಾನಕ್ಕೆ ಅಲ್ಲಿಯವರೆಗೆ ಹೆಸರಿರಲಿಲ್ಲ. ಅವಳು ಹೆಸರು ಕೊಟ್ಟಳು.

ಮುಂದಿನ ಭಾನುವಾರ ಡಬ್ಬಿ ಬಂದಾಗ ನಾನು ಕೋಣೆಯ ಬಾಗಿಲು ಹಾಕಿಕೊಂಡು ಎರಡೂ ಥರದ ಕಾಯಿ ಬಿಡಿಸಿ ನೋಡಿದೆ. ದಾರವಿಲ್ಲದ್ದರಲ್ಲಿ ಕೆಂಪಗಿನ, ಉದುರುದುರಾದ ಖೀಮಾ. ದಾರ ಕಟ್ಟಿದ್ದರಲ್ಲಿ ಬೆಳ್ಳಗೆ ನುಣ್ಣಗೆ ಅರೆದ ಏನೋ ಒಂದು... ಮಾಂಸವೆಂದು ಹೇಳಲೂ ಆಗದ ಹಾಗೆ. ದಾರ ಕಟ್ಟಿದ ಎರಡನ್ನೂ ಒಯ್ದು ಮೋರಿಗೆ ಚೆಲ್ಲಿ ನೀರು ಹೊಯ್ದೆ. ಮಾವ ತಟ್ಟೆ ಹಿಡಿದು ಬಂದರು.

"ಎದುರು ಮನಿಯಿಂದ ಬಂದಿಲ್ಲೇನವ್ವ?"

"ಇಲ್ರಿ ಮಾವ. ಇವತ್ತ ಮಾಡಿಲ್ಲಂತ."

ಓಣಿ ತುಂಬ ವಾಸನೆ ಇತ್ತು. ಮಾವ ನಾನು ಬಡಿಸಿದ ಖಾರದ ಸಾರಿನಲ್ಲಿ ರೊಟ್ಟಿ ಅದ್ದಿ ಬಾಯಿಗಿಟ್ಟರು. ಅವರ ಕಣ್ಣಲ್ಲಿ ನೀರು ಬಂತು. ಮದ್ದಿನ ಸೆಳೆತ ಅಂದರೆ ಇದೇ ಅಂದುಕೊಂಡೆ. ಇದನ್ನು ಬರೆಯುವಾಗ ಈಗಲೂ ನನ್ನ ಕೈ ನಿಲ್ಲುತ್ತದೆ.

ಆ ವಾರವೇ ನಾದಿನಿ ಒಂದು ಹಳ್ಳಿಯಲ್ಲಿ ಮದ್ದು ತೆಗೆಯುವವನ ವಿಳಾಸ ಹಿಡಿದು ಬಂದಳು. ಯಜಮಾನರಿಗೆ ದೇವರಿಗೆ ಹೋಗುತ್ತೇವೆಂದು ಹೇಳಿ ಮಾವನನ್ನು ಕರೆದುಕೊಂಡು ಹೋದೆವು. ಮಾವ ಬೇಡವೆನ್ನಲಿಲ್ಲ, ಆ ಹೊತ್ತಿಗೆ ಯಾವುದಕ್ಕೂ ಬೇಡವೆನ್ನುವ ಶಕ್ತಿ ಅವರಲ್ಲಿ ಇರಲಿಲ್ಲವೋ ಏನೋ. ಅವನು ಎಂಥದೋ ಸೊಪ್ಪಿನ ರಸ ಕುಡಿಸಿದ. ಮಾವ ಬಗ್ಗಿ ಬಗ್ಗಿ ವಾಂತಿ ಮಾಡಿದರು. ಮಣ್ಣಿನ ಮೇಲೆ ಕಪ್ಪಗೆ ಹೆಪ್ಪುಗಟ್ಟಿದಂಥದ್ದು ಬಿತ್ತು.

"ನೋಡ್ರಿ, ಬಂತು ಹೊರಗ" ಅಂದ ಅವನು. ನಾವು ಕೈ ಮುಗಿದೆವು. ಅದು ರಕ್ತವೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ನಲ್ಲಿ ಬಂದ ಹೊತ್ತು. ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದರು. ನಾನು ಹಾಸ್ಟೆಲ್ ಅಕ್ಕನ ಹೊಸ್ತಿಲ ಮುಂದೆ ಹೋಗಿ ನಿಂತೆ. ಅಲ್ಲಿಯವರೆಗೆ ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ.

"ಏನು ಹಾಕ್ತಿದ್ದಿ ನಮ್ಮ ಮಾವಗ? ಆ ದಾರ ಕಟ್ಟಿದ್ದರಾಗ ಏನು ಹಾಕ್ತಿದ್ದಿ, ಹೇಳು ಎಲ್ಲರ ಮುಂದ!"

ಕೊಡಗಳ ಸದ್ದು ನಿಂತಿತು. ಅವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ನನ್ನನ್ನು ನೋಡಲಿಲ್ಲ. ನನ್ನ ಹಿಂದೆ, ನಮ್ಮ ಮನೆಯ ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದ ಮಾವನನ್ನು ನೋಡಿದರು.

"ಹೇಳ್ರಿ ಈಗಾದ್ರೂ" ಅಂದರು.

ಮಾವ ತಲೆ ತಗ್ಗಿಸಿದರು. ಹಾಸ್ಟೆಲ್ ಅಕ್ಕ ನನ್ನ ಕಡೆ ತಿರುಗಿ, "ಏನೂ ಹಾಕಿಲ್ಲ ತಂಗಿ. ಖಾರ ಹಾಕಿಲ್ಲ, ಅಷ್ಟ" ಅಂದು ಒಳಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡರು.

ಉತ್ತರವಿಲ್ಲದೆ ಬಾಗಿಲು ಹಾಕಿಕೊಂಡಳು ಅಂತ ನಾನು ಓಣಿಗೆಲ್ಲ ಹೇಳಿದೆ. ನಂಬಿದವರೂ ಇದ್ದರು. ಅವರ ಮನೆ ಮುಂದೆ ಆಡುವ ಮಕ್ಕಳನ್ನು ತಾಯಂದಿರು ಕರೆದುಕೊಳ್ಳತೊಡಗಿದರು. ಹತ್ತು ದಿನಕ್ಕೆ ಒಂದು ಟೆಂಪೋ ಬಂತು. ಬೋಗುಣಿ, ಒಲೆ, ಒಂದು ಟ್ರಂಕು, ಹಾಸಿಗೆ ಸುರುಳಿ. ಅವರು ಹೋಗುವಾಗ ನಾನು ಕಿಟಕಿ ಮುಚ್ಚಿಕೊಂಡು ಮಿಷನ್ ತುಳಿಯುತ್ತಿದ್ದೆ.

ಇನ್ನೂ ಎರಡು ವಾರ ಕಳೆದಿರಲಿಲ್ಲ. ಮಾವನಿಗೆ ಬಾಯಿ ತೆರೆಯಲು ಆಗಲಿಲ್ಲ. ದಿಂಬಿನ ಮೇಲೆ ರಕ್ತದ ಕಲೆ. ಯಜಮಾನರು ಹೆದರಿ ಆಸ್ಪತ್ರೆಗೆ ಕರೆದೊಯ್ದರು, ಜೊತೆಗೆ ನಾನೂ ಹೋದೆ. ಡಾಕ್ಟರು ಬ್ಯಾಟರಿ ಬೆಳಕು ಬಿಟ್ಟು ಕೆನ್ನೆಯ ಒಳಗೆ ನೋಡಿದರು, ಬಹಳ ಹೊತ್ತು ನೋಡಿದರು. ಆಮೇಲೆ, "ಎಷ್ಟು ದಿನದಿಂದ ಐತ್ರಿ ಇದು?" ಅಂದರು.

ಮಾವ ಎಂಟು ಬೆರಳು ತೋರಿಸಿದರು. ಎಂಟು ತಿಂಗಳು.

"ಮನ್ಯಾಗ ಯಾರಿಗೂ ಗೊತ್ತಿರಲಿಲ್ಲೇನು?"

"ಮನ್ಯಾಗ ಇಲ್ರಿ" ಅಂದರು ಮಾವ, ಹಲ್ಲು ಕಚ್ಚಿದಂಥ ದನಿಯಲ್ಲಿ. "ಎದುರು ಮನಿ ಆಕಿಗೆ ಗೊತ್ತಿತ್ತು."

ವಾರ್ಡಿನಲ್ಲಿ ಅವರು ತುಂಡು ತುಂಡಾಗಿ ಹೇಳಿದ್ದು ಇಷ್ಟು. ಕೆನ್ನೆಯೊಳಗೆ ತಂಬಾಕಿನ ಹುಣ್ಣಾದಾಗಿನಿಂದ ಖಾರ ತಾಳುತ್ತಿರಲಿಲ್ಲ, ಅಗಿಯಲು ಆಗುತ್ತಿರಲಿಲ್ಲ. ಹಾಸ್ಟೆಲ್ ಅಕ್ಕ ಆಸ್ಪತ್ರೆಗೆ ನಡೆಯಿರಿ ಎಂದು ದಿನಾ ಸಂಜೆ ಜಗಳ ಮಾಡುತ್ತಿದ್ದರು. ಮಗನಿಗೆ ಹೇಳಿದರೆ ಉಣ್ಣುವುದನ್ನೇ ಬಿಟ್ಟುಬಿಡುತ್ತೇನೆ ಎಂದು ಮಾವ ಆಣೆ ಹಾಕಿಸಿಕೊಂಡಿದ್ದರು. ಪೊಟ್ಟಣದಲ್ಲಿದ್ದದ್ದು ನೋವಿನ ಮಾತ್ರೆ. ಮಾಂಸವನ್ನು ಒಳಕಲ್ಲಿನಲ್ಲಿ ಎರಡು ಸಲ ಅರೆದು, ಖಾರವಿಲ್ಲದೆ, ಮೆತ್ತಗೆ ಬೆಂದ ಬದನೆಯೊಳಗೆ ತುಂಬಿ ಕೊಡುತ್ತಿದ್ದರು. ಮಕ್ಕಳಿಗೆ ಕೊಟ್ಟರೆ, ಖಾರ ಯಾಕಿಲ್ಲ ಅಂತ ಕೇಳಿಯಾರು. ಗುಟ್ಟು ಹೊರಗೆ ಬಿದ್ದೀತು. ಅದಕ್ಕೇ ದಾರ.

ನಾನು ಒಬ್ಬಳೇ ಬಸ್ಸು ಹತ್ತಿ ಹಚ್ಚೊಳ್ಳಿಗೆ ಹೋದೆ. ತಮ್ಮನ ಮನೆಯ ಅಂಗಳದಲ್ಲಿ ಅವರು ಅಕ್ಕಿ ಆರಿಸುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದರು, ನೀರು ಕೊಟ್ಟರು. ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ.

"ಏನು ತಿಂತಾರ ಈಗ?" ಅಂದರು.

"ಗಂಜಿ. ಅದೂ ಇಳಿಯಂಗಿಲ್ಲ. ನೀವು ಬರ್ರಿ ಅಕ್ಕ, ನಿಮ್ಮ ಕೈಲಿ ಕೊಟ್ರ ತಿಂತಾರ."

ಅವರು ಮೊರದಲ್ಲಿದ್ದ ಅಕ್ಕಿಯನ್ನು ಒಂದು ಬದಿಗೆ ಎಳೆದರು. "ನಾನು ಬಂದ್ರ ನೀವು ಮತ್ತ ನನ್ನ ಕೈ ನೋಡ್ತೀರಿ ತಂಗಿ. ಉಣಿಸೋವಾಗ ಯಾರರ ಕೈ ನೋಡ್ಕೊಂತ ನಿಂತ್ರ ನನಗ ಉಣಿಸಾಕ ಆಗಂಗಿಲ್ಲ."

ನನಗೆ ಸಿಟ್ಟೂ ಬಂತು. "ನೀವರ ನಮಗ ಒಂದ ಮಾತು ಹೇಳಬಹುದಿತ್ತಲ್ರಿ? ಎಂಟು ತಿಂಗಳ..."

"ಹೇಳಬೇಕಿತ್ತು" ಅಂದರು ಅವರು. ಅಷ್ಟೇ. ಅವರ ದನಿ ಒಡೆದದ್ದು ಅದೊಂದೇ ಸಲ.

ಹೊರಡುವಾಗ ನಾನು ಇನ್ನೊಂದು ಕೇಳಿದೆ. ಹೆತ್ತ ಮಕ್ಕಳಿಗೂ ಬಾಯಿ ತೆರೆದು ತೋರಿಸದ ಗಂಡಸಿನ ಹುಣ್ಣು ನಿಮಗೆ ಹೇಗೆ ಗೊತ್ತಾಯಿತು ಅಂತ. ಅವರು ನನ್ನನ್ನು ಒಂದು ಕ್ಷಣ ನೋಡಿ, "ಅದನ್ನ ಬಿಡ್ರಿ ತಂಗಿ" ಅಂದರು.

ನಾನು ಬಿಡಲಿಲ್ಲ. ಮಾವ ಐದು ತಿಂಗಳಿಗೆ ತೀರಿಕೊಂಡರು. ಕೆಲವು ವರ್ಷಗಳ ಮೇಲೆ ಹಾಸ್ಟೆಲ್ ಅಕ್ಕನೂ ಹೋದರೆಂದು ಪೇಟೆಗೆ ಬಂದ ಅವರ ತಮ್ಮನಿಂದ ತಿಳಿಯಿತು. ಮಾಡಿದ ತಪ್ಪಿಗೆ ನಾನು ಎಷ್ಟೋ ಸಲ ಮನಸ್ಸಿನಲ್ಲೇ ಕೈ ಮುಗಿದಿದ್ದೇನೆ. ಆದರೆ ಆ ಒಂದು ಪ್ರಶ್ನೆ ಒಳಗೆ ಹಾಗೆಯೇ ಇತ್ತು. ಅವರಿಬ್ಬರ ನಡುವೆ ಏನೋ ಇತ್ತು, ಇಲ್ಲದಿದ್ದರೆ ಹೇಳಲು ಏನಡ್ಡಿ... ಎಂದು ಸತ್ತವರ ಮೇಲೂ ಅನುಮಾನ ಇಟ್ಟುಕೊಂಡೇ ಬದುಕಿದೆ.

ಹೋದ ಭಾನುವಾರ ಆ ಬದನೆಕಾಯಿಯ ಊಟಕ್ಕೆ ಕೂತಾಗ ಇದನ್ನೆಲ್ಲ ಮಗಳಿಗೆ ಹೇಳಿದೆ. ಆ ಕೊನೆಯ ಮಾತನ್ನೂ. ಅವಳು ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು.

"ನಾನು ಹೇಳಿದ್ದೆ ಅಮ್ಮ" ಅಂದಳು.

"ಏನು?"

"ಅಜ್ಜ ಬಚ್ಚಲದಾಗ ರಗತ ಉಗುಳೋದು ನೋಡಿದ್ದೆ. ನನಗಾಗ ಎಂಟು ವರ್ಷ. ನಿನಗ ಹೇಳಿದ್ರ ಅಜ್ಜನ್ನ ತಂಬಾಕಿನ ಸಲುವಾಗಿ ಬೈತಿ ಅಂತ ಹೆದರಿಕಿ ಆತು. ಹಾಸ್ಟೆಲ್ ಅಕ್ಕಗ ಹೋಗಿ ಹೇಳಿದೆ. ನಾನು ನೋಡ್ಕೋತೀನಿ, ನೀ ಯಾರ ಮುಂದೂ ಅನಬ್ಯಾಡ, ನಿಮ್ಮಮ್ಮ ನಿನಗ ಹೊಡದಾಳು ಅಂದ್ರು."

ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ.

"ನೀನು ಅವತ್ತು ನಲ್ಲಿ ಮುಂದ ಅವ್ರಿಗೆ ಬೈಯೋವಾಗ ನಾನು ನಿನ್ನ ಹಿಂದ ನಿಂತಿದ್ದೆ. ಆಗರ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅವ್ರೂ ನನ್ನ ಹೆಸರು ಹೇಳಲಿಲ್ಲ."

ಹಚ್ಚೊಳ್ಳಿಯ ಅಂಗಳದಲ್ಲೂ ಹೇಳಲಿಲ್ಲ. ಹೇಳಿದ್ದರೆ ಅವರ ಮೇಲಿದ್ದ ಕೊನೆಯ ಅನುಮಾನ ಅಲ್ಲಿಗೇ ಹೋಗುತ್ತಿತ್ತು. ಆದರೆ ನಾನು ಮನೆಗೆ ಬಂದು, ನನಗೆ ಯಾಕೆ ಹೇಳಲಿಲ್ಲವೆಂದು ಮಗುವನ್ನು ಹಿಡಿದು ಹೊಡೆಯುತ್ತಿದ್ದೆ. ಅದು ಅವರಿಗೆ ಗೊತ್ತಿತ್ತು.

ಮಗಳು ಅಳುತ್ತಿದ್ದಳು. ಹದಿನಾರು ವರ್ಷ ಅವಳು ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಳು, ನನ್ನ ಮಿಷನ್ನಿನಿಂದ ಎರಡು ಮಾರು ದೂರದಲ್ಲಿ. ನಾನು ಎದ್ದು ಅವಳ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡೆ. ಅವಳಿಗೆ ಸಮಾಧಾನ ಹೇಳಲು ನಾನಿದ್ದೇನೆ. ನಾನು ಹೋಗಿ ತಪ್ಪಾಯಿತು ಅನ್ನಬೇಕಾದವರು ಇಲ್ಲ.